ಕೊಳ್ಳುವ ಬೆಲೆ, ಸಾಕುವ ಬೆಲೆ

ಗಲ್ಫ್‌ನಲ್ಲಿ ದುಡಿಯುವ ನಮ್ಮ ಯುವಕರ ಪಾಲಿಗೆ ಡ್ರೈವಿಂಗ್ ಲೈಸೆನ್ಸ್ ಎಂಬುದು ಪದವಿ ಪ್ರಮಾಣಪತ್ರಕ್ಕಿಂತ ಕಡಿಮೆಯದ್ದೇನಲ್ಲ. ತರಗತಿಗಳಿಗೆ ಹಣ ಸುರಿದು, ಪರೀಕ್ಷೆಯಲ್ಲಿ ಒಂದೆರಡು ಬಾರಿ ಫೇಲಾಗಿ, ಕೊನೆಗೂ ಅದು ಕೈಗೆ ಬಂದಾಗ ಆಗುವ ಸಂತೋಷ ಸಹಜವಾದದ್ದೇ. ಅದರ ಬೆನ್ನಿಗೇ ಎದುರಾಗುವ ಪ್ರಶ್ನೆಯೇ, ಮೊದಲ ಕಾರು ಯಾವುದಾಗಿರಬೇಕು ಎಂಬುದು. ಈ ಪ್ರಶ್ನೆಗೆ ಊರಿನಲ್ಲಿರುವ ತಂದೆಯ ಉತ್ತರ ಬೇರೆ, ಮಗನ ಉತ್ತರ ಬೇರೆ. ತಂದೆ ಹಳೆಯ ಕೊರೊಲ್ಲಾದ ಹೆಸರು ಹೇಳುತ್ತಾರೆ. ಮಗನ ಮೊಬೈಲಿನಲ್ಲಿ ನೆಲಕ್ಕೆ ತಾಗಿದಂತೆ ನಿಂತಿರುವ ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರಿನ ಚಿತ್ರವಿರುತ್ತದೆ. ಬೆಲೆ ಕೇಳಿದರೆ ಕೆಲವೊಮ್ಮೆ ಎರಡರದ್ದೂ ಹೆಚ್ಚು ಕಡಿಮೆ ಒಂದೇ. ಅದೇ ಹಣಕ್ಕೆ ಇಷ್ಟು ಚೆಂದದ ಕಾರು ಸಿಗುವಾಗ ಮುದುಕರ ಕಾರು ಏಕೆ ಎಂದು ಮಗ ಕೇಳಿದರೆ, ತಂದೆಯ ಬಳಿ ಗದರಿಕೆಯ ಹೊರತು ಬೇರೆ ಉತ್ತರ ಇರುವುದಿಲ್ಲ.

ವಾಸ್ತವದಲ್ಲಿ ಉತ್ತರ ಇದೆ ಮತ್ತು ಅದಕ್ಕೆ ಗದರಿಕೆಯ ಅಗತ್ಯವಿಲ್ಲ. ಕಾರಿಗೆ ಎರಡು ಬೆಲೆಗಳಿವೆ. ಒಂದು, ಕೊಳ್ಳುವಾಗ ಕೊಡುವ ಬೆಲೆ. ಇನ್ನೊಂದು, ಅದನ್ನು ಸಾಕಲು ತಿಂಗಳು ತಿಂಗಳೂ ಕೊಡಬೇಕಾದ ಬೆಲೆ. ಮೊದಲನೆಯದನ್ನು ಮಾರುವವನು ಹೇಳುತ್ತಾನೆ. ಎರಡನೆಯದನ್ನು ಯಾರೂ ಹೇಳುವುದಿಲ್ಲ. ಅದನ್ನು ಕೊಂಡವನೇ ಕಲಿಯಬೇಕಾಗುತ್ತದೆ. ಅಷ್ಟಕ್ಕೂ, ಆನೆಯೊಂದು ಅಗ್ಗಕ್ಕೆ ಸಿಕ್ಕಿತೆಂದ ಮಾತ್ರಕ್ಕೆ ಅದರ ಮೇವೂ ಅಗ್ಗಕ್ಕೆ ಸಿಗುತ್ತದೆಯೇ?

ಇದನ್ನು ಬರಿಯ ಮಾತಿನಲ್ಲಿ ಹೇಳುವುದಕ್ಕಿಂತ ಒಂದು ನಿರ್ದಿಷ್ಟ ಕಾರನ್ನೇ ಮುಂದಿಟ್ಟು ನೋಡುವುದು ಒಳ್ಳೆಯದು. ಜಪಾನಿನ ಮಾಜ್ದಾ ಕಂಪೆನಿಯ ಆರ್‌ಎಕ್ಸ್-8 ಎಂಬ ಕಾರು 2003ರಿಂದ 2012ರ ವರೆಗೆ ತಯಾರಾಯಿತು. ಜಗತ್ತಿನ ಅನೇಕ ದೇಶಗಳಲ್ಲಿ ಹಳೆ ಕಾರುಗಳ ಮಾರುಕಟ್ಟೆಯಲ್ಲಿ ಕೈಗೆಟಕುವ ಬೆಲೆಗೆ ಸಿಗುವ ಸ್ಪೋರ್ಟ್ಸ್ ಕಾರುಗಳಲ್ಲಿ ಇದೂ ಒಂದು. ಇದಕ್ಕೆ ನಾಲ್ಕು ಬಾಗಿಲು, ನಾಲ್ಕು ಸೀಟುಗಳಿವೆ. ಹಿಂಬದಿಯ ಬಾಗಿಲುಗಳು ಸಾಮಾನ್ಯ ಕಾರುಗಳಿಗೆ ವಿರುದ್ಧ ದಿಕ್ಕಿನಲ್ಲಿ ತೆರೆದುಕೊಳ್ಳುತ್ತವೆ. ಎಂಜಿನಿನ ಗಾತ್ರ ಕೇವಲ 1.3 ಲೀಟರ್. ಮೊದಲ ಕಾರು ಹುಡುಕುತ್ತಿರುವ ಯುವಕನಿಗೆ ಮನೆಯವರನ್ನು ಒಪ್ಪಿಸಲು ಇದಕ್ಕಿಂತ ಒಳ್ಳೆಯ ವಾದ ಬೇರೇನು ಬೇಕು? ಕುಟುಂಬಕ್ಕೂ ಆಯಿತು, ಎಂಜಿನೂ ಚಿಕ್ಕದು, ಬೆಲೆಯೂ ಕಡಿಮೆ!

ಆದರೆ ಈ ಕಾರು ಅಗ್ಗವಾಗಿರುವುದಕ್ಕೆ ಕಾರಣ ಅದರ ಎಂಜಿನಿನ ಒಳಗಿದೆ. ಸಾಮಾನ್ಯ ಕಾರಿನ ಎಂಜಿನಿನಲ್ಲಿ ಪಿಸ್ಟನ್‌ಗಳು ಮೇಲಕ್ಕೂ ಕೆಳಕ್ಕೂ ಚಲಿಸುತ್ತವೆ. ಆರ್‌ಎಕ್ಸ್-8ರಲ್ಲಿ ಪಿಸ್ಟನ್‌ಗಳೇ ಇಲ್ಲ. ಅದರ ಬದಲು ತ್ರಿಕೋನಾಕಾರದ ಎರಡು ರೋಟರ್‌ಗಳು ಒಂದು ಗೂಡಿನೊಳಗೆ ಸುತ್ತುತ್ತವೆ. ಆದ್ದರಿಂದಲೇ ಅದು ನಯವಾಗಿ, ನಡುಕವಿಲ್ಲದೆ, ನಿಮಿಷಕ್ಕೆ 9,000 ಸುತ್ತುಗಳವರೆಗೂ ಏರುತ್ತದೆ. 2003ರಲ್ಲಿ ಈ ಎಂಜಿನಿಗೆ ವರ್ಷದ ಅಂತಾರಾಷ್ಟ್ರೀಯ ಎಂಜಿನ್ ಎಂಬ ಪ್ರಶಸ್ತಿಯೂ ಬಂತು. ಅದು ಕೆಟ್ಟ ಎಂಜಿನ್ ಎಂದು ಯಾರೂ ಹೇಳಲಾರರು. ಆದರೆ ಅದು ತನ್ನದೇ ಆದ ಆರೈಕೆಯನ್ನು ಬೇಡುವ ಎಂಜಿನ್. ರೋಟರಿನ ತುದಿಗಳಲ್ಲಿರುವ ಸೀಲುಗಳಿಗೆ ಸದಾ ಎಣ್ಣೆಯ ಪಸೆ ಬೇಕು. ಅದಕ್ಕಾಗಿ ಈ ಎಂಜಿನ್ ಪೆಟ್ರೋಲಿನ ಜೊತೆ ತನ್ನ ಆಯಿಲನ್ನೂ ಸ್ವಲ್ಪ ಸ್ವಲ್ಪವೇ ಉರಿಸುತ್ತಿರುತ್ತದೆ. ಇದು ದೋಷವಲ್ಲ, ಅದರ ರಚನೆಯೇ ಹಾಗೆ. ಆದ್ದರಿಂದ ಒಂದೆರಡು ಬಾರಿ ಪೆಟ್ರೋಲ್ ತುಂಬಿಸುವಷ್ಟರಲ್ಲಿ ಬಾನೆಟ್ ತೆರೆದು ಆಯಿಲ್ ಮಟ್ಟ ನೋಡಲೇಬೇಕು. ವರ್ಷಕ್ಕೊಮ್ಮೆ ಸರ್ವಿಸಿಗೆ ಬಿಟ್ಟು ಮರೆತುಬಿಡುವ ಅಭ್ಯಾಸದವನು ಇದನ್ನು ಕೊಂಡರೆ ಏನಾಗಬಹುದು?

ಇಷ್ಟಕ್ಕೇ ಮುಗಿಯುವುದಿಲ್ಲ. ಎಂಜಿನ್ ಬಿಸಿಯಾಗುವ ಮುನ್ನವೇ ಆಫ್ ಮಾಡಿದರೆ ಒಳಗೆ ಪೆಟ್ರೋಲ್ ತುಂಬಿಕೊಂಡು ಮತ್ತೆ ಸ್ಟಾರ್ಟ್ ಆಗದಿರುವ ಸಾಧ್ಯತೆ ಇದೆ. ಅಂದರೆ ಪಾರ್ಕಿಂಗ್ ಬದಲಿಸಲೆಂದು ಕಾರನ್ನು ಹತ್ತು ಮೀಟರ್ ಸರಿಸುವುದೂ ಈ ಕಾರಿನ ಮಾಲಿಕನಿಗೆ ಯೋಚಿಸಿ ಮಾಡಬೇಕಾದ ಕೆಲಸ. ಇಗ್ನಿಷನ್ ಕಾಯಿಲ್‌ಗಳು ಬೇಗ ಸೋಲುತ್ತವೆ. ಎಂಜಿನ್ ಅತಿಯಾಗಿ ಕಾದರೆ ಒಳಗಿನ ಸೀಲುಗಳು ಹಾಳಾಗುತ್ತವೆ. ಕೊಲ್ಲಿಯ ಬೇಸಿಗೆಯಲ್ಲಿ ಟ್ರಾಫಿಕ್ ನಡುವೆ ಎ.ಸಿ. ಹಾಕಿಕೊಂಡು ನಿಲ್ಲಬೇಕಾದ ಕಾರಿಗೆ ಇದು ಸಣ್ಣ ವಿಷಯವಲ್ಲ. ಸೀಲುಗಳು ಸವೆದರೆ ಎಂಜಿನನ್ನೇ ಬಿಚ್ಚಿ ಹೊಸದಾಗಿ ಕಟ್ಟಬೇಕಾಗುತ್ತದೆ. ಆ ಖರ್ಚು ಕಾರು ಕೊಂಡ ಬೆಲೆಯ ಹತ್ತಿರಕ್ಕೆ ಅಥವಾ ಅದನ್ನೂ ಮೀರಿ ಹೋಗಬಹುದು. ಆಗ ಮಾಲಿಕನಿಗೆ ಉಳಿಯುವ ಸುಲಭದ ದಾರಿಯೆಂದರೆ, ಕಾರನ್ನು ತೊಳೆದು, ಪಾಲಿಶ್ ಹಾಕಿಸಿ, ಕಡಿಮೆ ಬೆಲೆಗೆ ಇನ್ನೊಬ್ಬ ಯುವಕನಿಗೆ ಮಾರುವುದು. ಕಡಿಮೆ ಬೆಲೆಯ ಹಿಂದೆ ಇಂತಹ ಕಥೆ ಇಲ್ಲವೆಂದು ಖಚಿತವಾಗಿ ಹೇಳಬಲ್ಲವರು ಯಾರು?

ಈ ಎಂಜಿನಿನ ಚರಿತ್ರೆಯೂ ಗಮನಾರ್ಹ. ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್ ಅವರ ಚಿಂತನೆಯನ್ನು ಆಧರಿಸಿ ಎನ್‌ಎಸ್‌ಯು ಎಂಬ ಕಂಪೆನಿ ಇದನ್ನು ಬೆಳೆಸಿತು. 1967ರಲ್ಲಿ ಆರ್‌ಒ 80 ಎಂಬ ಕಾರನ್ನು ಬಿಡುಗಡೆಗೊಳಿಸಿತು. ಅದು 1968ರಲ್ಲಿ ಯುರೋಪಿನ ವರ್ಷದ ಕಾರು ಎಂಬ ಮನ್ನಣೆಗೂ ಪಾತ್ರವಾಯಿತು. ಆದರೆ ಎಂಜಿನಿನ ಸೀಲುಗಳು ಬಹುಬೇಗ ಸವೆಯತೊಡಗಿದವು. ವಾರಂಟಿಯ ಅನ್ವಯ ಎಂಜಿನ್ ಬದಲಿಸಿ ಕೊಡುತ್ತಾ ಕೊಡುತ್ತಾ ಕಂಪೆನಿಯೇ ಬಳಲಿತು. 1969ರಲ್ಲಿ ಅದು ಫೋಕ್ಸ್‌ವ್ಯಾಗನ್‌ನ ತೆಕ್ಕೆಗೆ ಸೇರಿತು. ಮಾಜ್ದಾ ಆ ಬಳಿಕ ಅನೇಕ ಸುಧಾರಣೆಗಳನ್ನು ತಂದಿತು, 1991ರಲ್ಲಿ ರೋಟರಿ ಎಂಜಿನಿನ ಕಾರಿನಲ್ಲೇ ಫ್ರಾನ್ಸಿನ ಲೆ ಮಾನ್ಸ್ ರೇಸನ್ನೂ ಗೆದ್ದಿತು. ಆದರೂ ಆರ್‌ಎಕ್ಸ್-8ರ ವಿಷಯದಲ್ಲಿ ಅಮೆರಿಕದ ಗ್ರಾಹಕರಿಗೆ ಎಂಜಿನಿನ ವಾರಂಟಿಯನ್ನು 8 ವರ್ಷ ಅಥವಾ 1 ಲಕ್ಷ ಮೈಲಿಗೆ ವಿಸ್ತರಿಸಬೇಕಾಯಿತು. ಆ ಗಡುವುಗಳೆಲ್ಲ ಮುಗಿದು ಹೋಗಿವೆ. ಯಾವ ಹೊರೆಯನ್ನು ಹೊರಲಾಗದೆ ಒಂದು ಕಾರ್ಖಾನೆ ಬಳಲಿತೋ, ಇನ್ನೊಂದು ಕಾರ್ಖಾನೆ ವಿಶೇಷ ವಾರಂಟಿ ನೀಡಬೇಕಾಯಿತೋ ಅದನ್ನು ಈಗ ಯಾವ ವಾರಂಟಿಯೂ ಇಲ್ಲದೆ ಹೊರಲು ಹೊರಟಿರುವುದು ಯಾರು? ಮೊದಲ ಉದ್ಯೋಗದ ಸಂಬಳ ಪಡೆಯುತ್ತಿರುವ ಇಪ್ಪತ್ತೆರಡರ ಹುಡುಗ.

ಇನ್ನು ದಿನನಿತ್ಯದ ಲೆಕ್ಕಕ್ಕೆ ಬರೋಣ. ಅಮೆರಿಕದ ಸರಕಾರಿ ಪರೀಕ್ಷೆಯ ಪ್ರಕಾರ ಆರ್‌ಎಕ್ಸ್-8 ಒಂದು ಲೀಟರ್ ಪೆಟ್ರೋಲಿಗೆ ಸರಾಸರಿ ಏಳೂವರೆ ಕಿಲೋಮೀಟರಿನಷ್ಟು ಓಡುತ್ತದೆ. ಅದೇ ಕಾಲದ ಕೊರೊಲ್ಲಾ ಹನ್ನೆರಡು ಕಿಲೋಮೀಟರಿಗಿಂತ ಹೆಚ್ಚು ಓಡುತ್ತದೆ. ಶಾರ್ಜಾದಲ್ಲಿ ವಾಸವಿದ್ದು ದುಬೈಯಲ್ಲಿ ಕೆಲಸ ಮಾಡುವ ಒಬ್ಬಾತ ತಿಂಗಳಿಗೆ 1,500 ಕಿಲೋಮೀಟರ್ ಓಡಿಸುತ್ತಾನೆಂದು ಇಟ್ಟುಕೊಳ್ಳೋಣ. ಒಂದರಲ್ಲಿ 200 ಲೀಟರ್, ಇನ್ನೊಂದರಲ್ಲಿ ಸುಮಾರು 120 ಲೀಟರ್. ವ್ಯತ್ಯಾಸ ತಿಂಗಳಿಗೆ 80 ಲೀಟರ್, ವರ್ಷಕ್ಕೆ 960 ಲೀಟರ್. ಯುಎಇಯಲ್ಲಿ 2015ರ ಆಗಸ್ಟ್‌ನಿಂದ ಪೆಟ್ರೋಲ್ ದರ ಜಾಗತಿಕ ಮಾರುಕಟ್ಟೆಯನ್ನು ಅನುಸರಿಸಿ ತಿಂಗಳಿಗೊಮ್ಮೆ ಬದಲಾಗುತ್ತದೆ. ಗಲ್ಫ್‌ನಲ್ಲಿ ನೀರಿಗಿಂತ ಪೆಟ್ರೋಲ್ ಅಗ್ಗ ಎಂಬ ಹಿಂದಿನ ಮಾತನ್ನು ನಂಬಿಕೊಂಡು ಕಾರು ಕೊಳ್ಳುವ ಕಾಲ ಇದಲ್ಲ.

ಪೆಟ್ರೋಲಿನ ಬಳಿಕ ಮುಲ್ಕಿಯಾ. ಮೂರು ವರ್ಷ ದಾಟಿದ ಕಾರು ಅಲ್ಲಿ ಪ್ರತಿವರ್ಷವೂ ಪಾಸಿಂಗ್ ಪರೀಕ್ಷೆಗೆ ಹೋಗಬೇಕು. ಬಾಕಿ ದಂಡಗಳನ್ನು ಕಟ್ಟದೆ ನವೀಕರಣ ಆಗುವುದಿಲ್ಲ. ವಿಮೆಯ ವಿಷಯದಲ್ಲಿ ಇಪ್ಪತ್ತೈದರೊಳಗಿನವರಿಗೆ ಮತ್ತು ಹೊಸ ಲೈಸೆನ್ಸಿನವರಿಗೆ ಕಂಪೆನಿಗಳು ಸಾಮಾನ್ಯವಾಗಿ ಹೆಚ್ಚು ಹಣ ಕೇಳುತ್ತವೆ, ಸ್ಪೋರ್ಟ್ಸ್ ಕಾರಾದರೆ ಇನ್ನೂ ಹೆಚ್ಚು. ಕಾರು ಹಳೆಯದಾದಂತೆ ಪೂರ್ಣ ವಿಮೆ ಸಿಗುವುದು ಕಷ್ಟ. ಥರ್ಡ್ ಪಾರ್ಟಿ ವಿಮೆ ಎದುರಿನವನ ನಷ್ಟವನ್ನು ಭರಿಸುತ್ತದೆಯೇ ಹೊರತು ನಿಮ್ಮ ಕಾರಿನ ನಷ್ಟವನ್ನಲ್ಲ. ಸಾಲದ ಕಥೆಯೂ ಇದೆ. ಯುಎಇ ಕೇಂದ್ರ ಬ್ಯಾಂಕಿನ 2011ರ ನಿಯಮದಂತೆ ಕಾರಿನ ಮೌಲ್ಯದ ಶೇ. 80ಕ್ಕಿಂತ ಹೆಚ್ಚು ವಾಹನ ಸಾಲ ನೀಡುವಂತಿಲ್ಲ, ಅವಧಿಯೂ 60 ತಿಂಗಳು ಮೀರುವಂತಿಲ್ಲ. ಹತ್ತು ಹದಿನೈದು ವರ್ಷ ಹಳೆಯ ಕಾರಿಗೆ ಬ್ಯಾಂಕುಗಳು ಸಾಲ ಕೊಡುವುದೇ ಅಪರೂಪ. ಹಾಗಾದಾಗ ಹಣ ಬರುವುದೆಲ್ಲಿಂದ? ಗೆಳೆಯರ ಕೈಸಾಲದಿಂದ, ಚೀಟಿಯಿಂದ, ಅಥವಾ ಊರಿಗೆ ಕಳುಹಿಸಬೇಕಿದ್ದ ಹಣದಿಂದ.

ಪ್ರಶ್ನೆಯ ಗಾಂಭೀರ್ಯ ಇರುವುದೂ ಇಲ್ಲಿಯೇ. ಊರಿಗೆ ಕಳುಹಿಸುವ ಹಣದಲ್ಲಿ ತಾಯಿಯ ಔಷಧಿ ಇದೆ, ತಂಗಿಯ ಕಾಲೇಜು ಶುಲ್ಕ ಇದೆ, ಮನೆಯ ಸಾಲದ ಕಂತು ಇದೆ. ಎಂಜಿನ್ ಕೈಕೊಟ್ಟ ತಿಂಗಳು ಇವುಗಳಲ್ಲಿ ಯಾವುದಾದರೊಂದು ನಿಲ್ಲಬೇಕಾಗುತ್ತದೆ. ಹಾಗೆ ನಿಲ್ಲಿಸಲು ಮನಸ್ಸು ಬಾರದವನು ಮತ್ತೊಂದನ್ನು ನಿಲ್ಲಿಸುತ್ತಾನೆ, ಕಾರಿನ ಆರೈಕೆಯನ್ನು. ಸವೆದ ಟಯರು ಇನ್ನೊಂದು ತಿಂಗಳು ಇರಲಿ ಎನ್ನುತ್ತಾನೆ. ಬ್ರೇಕಿನ ಸದ್ದನ್ನು ಕೇಳಿಯೂ ಕೇಳದವನಂತಿರುತ್ತಾನೆ. ಇದು ಎಲ್ಲಕ್ಕಿಂತ ಅಪಾಯಕಾರಿ. ಸುಮಾರು 230 ಅಶ್ವಶಕ್ತಿಯ, ಹಿಂದಿನ ಚಕ್ರಗಳಿಂದ ಓಡುವ, ಸವೆದ ಟಯರಿನ ಕಾರು ಮತ್ತು ಆರು ತಿಂಗಳ ಅನುಭವದ ಚಾಲಕ. ಇವೆರಡೂ ಸೇರಿದಾಗ ಆಗುವ ನಷ್ಟವನ್ನು ದಿರ್ಹಮ್‌ಗಳಲ್ಲಿ ಅಳೆಯಲು ಸಾಧ್ಯವೇ?

ಕಾನೂನು ಕೂಡ ಕರುಣೆ ತೋರುವುದಿಲ್ಲ. ಯುಎಇಯಲ್ಲಿ ನಿಗದಿತ ವೇಗಮಿತಿಯನ್ನು 80 ಕಿಲೋಮೀಟರಿಗಿಂತ ಹೆಚ್ಚು ಮೀರಿದರೆ 3,000 ದಿರ್ಹಮ್ ದಂಡ, 23 ಕಪ್ಪು ಅಂಕ ಮತ್ತು 60 ದಿನ ವಾಹನ ಮುಟ್ಟುಗೋಲು. 24 ಅಂಕಗಳಾದರೆ ಲೈಸೆನ್ಸ್ ಅಮಾನತಾಗುತ್ತದೆ. ಇತರರ ಜೀವಕ್ಕೆ ಅಪಾಯವಾಗುವಂತೆ ಓಡಿಸಿ ವಶವಾದ ವಾಹನವನ್ನು ಬಿಡಿಸಿಕೊಳ್ಳಲು 50,000 ದಿರ್ಹಮ್ ಕಟ್ಟಬೇಕೆಂಬ ನಿಯಮವನ್ನು ದುಬೈ 2023ರಲ್ಲಿ ಜಾರಿಗೆ ತಂದಿತು. ವೇಗ ಅಥವಾ ಸದ್ದು ಹೆಚ್ಚುವಂತೆ ಕಾರನ್ನು ಮಾರ್ಪಡಿಸಿದ್ದರೆ 10,000 ದಿರ್ಹಮ್. ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಹಿಂದಿನ ಮಾಲಿಕ ಏನೆಲ್ಲ ಮಾರ್ಪಾಡು ಮಾಡಿದ್ದಾನೆಂಬುದು ಕೊಳ್ಳುವವನಿಗೆ ತಿಳಿದಿರುತ್ತದೆಯೇ? ಮಾಡಿದ್ದು ಅವನು, ಕಟ್ಟುವುದು ಇವನು!

ಇದು ಗಲ್ಫ್‌ನಲ್ಲಿರುವವರ ಸಮಸ್ಯೆ ಮಾತ್ರ ಎಂದು ಊರಿನಲ್ಲಿರುವವರು ಭಾವಿಸಬೇಕಿಲ್ಲ. ಹಳೆಯ ಡೀಸೆಲ್ ವಾಹನಗಳ ಮೇಲೆ ದೆಹಲಿ ವಲಯದಲ್ಲಿ 2015ರಲ್ಲಿ ರಾಷ್ಟ್ರೀಯ ಹಸಿರು ಪೀಠ ನಿರ್ಬಂಧ ಹೇರಿದ ಬಳಿಕ ಅಲ್ಲಿನ ಹಳೆಯ ಜರ್ಮನ್ ಕಾರುಗಳು ದಕ್ಷಿಣಕ್ಕೂ ಬಂದವು. ಹೊಸ ಸ್ವಿಫ್ಟ್‌ನ ಬೆಲೆಗೆ ಹಳೆಯ ಬಿಎಂಡಬ್ಲ್ಯು ಸಿಗುತ್ತದೆಂದರೆ ಯಾವ ಯುವಕನ ಮನಸ್ಸು ಚಂಚಲವಾಗದು? ಆದರೆ ಆ ಕಾರಿಗೆ ದೆಹಲಿಯ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ಮರುನೋಂದಣಿ ಆಗಬೇಕು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಬಿಡಿಭಾಗಗಳ ಬೆಲೆಯನ್ನು ಹಳೆಯ ಕಾರಿನ ಮೌಲ್ಯ ನೋಡಿ ನಿಗದಿಪಡಿಸುವುದಿಲ್ಲ. ಹೊಸ ಬಿಎಂಡಬ್ಲ್ಯು ಕೊಳ್ಳುವ ಶಕ್ತಿ ಇರುವವನಿಗೂ ಹಳೆಯದನ್ನು ಕೊಂಡವನಿಗೂ ಬಿಲ್ಲು ಒಂದೇ.

ಹೆತ್ತವರೇ ಇಂತಹ ಕಾರಿನ ಕೀಲಿಕೈ ಕೊಟ್ಟರೆ ಏನಾಗುತ್ತದೆಂಬುದನ್ನು 2024ರ ಮೇ 19ರಂದು ಪುಣೆಯಲ್ಲಿ ದೇಶವೇ ನೋಡಿತು. ಹದಿನೇಳರ ಹುಡುಗ ಓಡಿಸುತ್ತಿದ್ದನೆನ್ನಲಾದ ಪೋರ್ಶೆ ಕಾರು ಬೈಕಿಗೆ ಬಡಿದು ಇಬ್ಬರು ಯುವ ಎಂಜಿನಿಯರ್‌ಗಳು ಸತ್ತರು. ಕೋಟಿ ಬೆಲೆಯ ಆ ಕಾರಿನ ಶಾಶ್ವತ ನೋಂದಣಿ 1,758 ರೂ. ಶುಲ್ಕ ಕಟ್ಟದೆ ಬಾಕಿಯಾಗಿತ್ತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲಿಕನಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂ. ದಂಡ ವಿಧಿಸಬಹುದು. ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಸಿಗದು. ಆದರೆ ಯಾವ ಶಿಕ್ಷೆ ತಾನೇ ಆ ಇಬ್ಬರನ್ನು ಅವರ ಹೆತ್ತವರಿಗೆ ಹಿಂತಿರುಗಿಸಬಲ್ಲುದು?

ಇದೇ ವೇಳೆ ಯುವಕರಿಗೆ ಅನ್ಯಾಯವಾಗದಂತೆಯೂ ಮಾತಾಡಬೇಕು. ಚೆಂದದ ಯಂತ್ರವನ್ನು ಇಷ್ಟಪಡುವುದು ತಪ್ಪಲ್ಲ. ತನ್ನ ಕೈಯಿಂದಲೇ ಎಂಜಿನ್ ಬಿಚ್ಚಿ ಜೋಡಿಸಬಲ್ಲ, ಕುಟುಂಬದ ಹೊಣೆಯಿಲ್ಲದ, ಕೆಲಸಕ್ಕೆ ಹೋಗಲು ಬೇರೆ ವಾಹನವಿರುವ ಒಬ್ಬಾತ ಆರ್‌ಎಕ್ಸ್-8 ಕೊಂಡರೆ ಅವನಿಗೆ ಅದು ಒಂದು ಪಾಠಶಾಲೆಯೇ ಆದೀತು. ಅಂಥವನಿಗೂ ಅದು ಎರಡನೆಯ ಕಾರು, ಮೊದಲನೆಯದಲ್ಲ ಎಂಬುದನ್ನು ಮರೆಯಬಾರದು. ಎಲ್ಲ ಸ್ಪೋರ್ಟ್ಸ್ ಕಾರುಗಳೂ ಒಂದೇ ತೆರನಾಗಿಲ್ಲ ಎಂಬುದೂ ನಿಜ. ಇದೇ ಮಾಜ್ದಾ 1989ರಿಂದ ತಯಾರಿಸುತ್ತಿರುವ ಎಂಎಕ್ಸ್-5 ಎಂಬ ಪುಟ್ಟ ಕಾರಿಗೆ ಸಾಮಾನ್ಯ ಪಿಸ್ಟನ್ ಎಂಜಿನ್ ಇದೆ. ಅದನ್ನು ಸಾಕುವುದು ಅಷ್ಟು ಕಷ್ಟವಲ್ಲ, ಆದರೆ ಸೀಟು ಎರಡೇ. ಆದ್ದರಿಂದ ನಮ್ಮ ತಕರಾರು ವೇಗದ ಬಗ್ಗೆಯೋ ಬಣ್ಣದ ಬಗ್ಗೆಯೋ ಅಲ್ಲ. ದಿನವೂ ನಂಬಿಕೊಳ್ಳಬೇಕಾದ ಏಕೈಕ ಕಾರು ದಿನವೂ ಆತಂಕ ಕೊಡುವಂಥದ್ದಾಗಬಾರದು ಎಂಬುದಷ್ಟೇ ನಮ್ಮ ವಾದ.

ಇನ್ನೊಂದು ಮಾತನ್ನು ಹಿರಿಯರಿಗೂ ಹೇಳಬೇಕಾಗಿದೆ. ಮಗ ಕಾರಿನ ವಿಷಯದಲ್ಲಿ ತೋರುವ ಹುಚ್ಚನ್ನು ನಾವು ಮನೆಯ ಗೇಟಿನ ವಿಷಯದಲ್ಲಿ, ಮದುವೆ ಮಂಟಪದ ಅಲಂಕಾರದ ವಿಷಯದಲ್ಲಿ ತೋರಿಲ್ಲವೇ? ಇಬ್ಬರು ವಾಸಿಸುವ ಮನೆಗೆ ಆರು ಕೋಣೆ ಕಟ್ಟಿಸಿ, ಬಣ್ಣ ಬಳಿಸಲು ಹಣವಿಲ್ಲದೆ ಬಿಟ್ಟ ಮನೆಗಳು ನಮ್ಮ ಊರುಗಳಲ್ಲಿ ಎಷ್ಟಿಲ್ಲ? ಒಂದು ದಿನದ ಮದುವೆಗೆ ಐದು ವರ್ಷದ ದುಡಿಮೆ ಸುರಿದವರು ಎಷ್ಟು ಮಂದಿಯಿಲ್ಲ? ಕೊಳ್ಳುವ ಬೆಲೆಯನ್ನು ಮಾತ್ರ ನೋಡಿ ಸಾಕುವ ಬೆಲೆಯನ್ನು ಮರೆಯುವ ಗುಣ ಮಕ್ಕಳಿಗೆ ಆಕಾಶದಿಂದ ಬೀಳಲಿಲ್ಲ. ರಜೆಯಲ್ಲಿ ಬಂದವನನ್ನು ಅವನ ಕಾರಿನಿಂದ, ವಾಚಿನಿಂದ ಅಳೆಯುವವರು ನಾವೇ. ಅಳತೆಗೋಲು ನಮ್ಮದಾಗಿರುವಾಗ ಅದಕ್ಕೆ ತಕ್ಕಂತೆ ಬೆಳೆದ ಮಗನನ್ನಷ್ಟೇ ದೂರುವುದು ನ್ಯಾಯವೇ?

ಆದ್ದರಿಂದ ಗದರಿಕೆಯ ಬದಲು ತಂದೆ ಮಗ ಜೊತೆಯಾಗಿ ಲೆಕ್ಕಕ್ಕೆ ಕೂರುವುದು ಉತ್ತಮ. ಒಂದು ಹಾಳೆಯಲ್ಲಿ ಸಂಬಳ ಬರೆಯಿರಿ. ಬಾಡಿಗೆ, ಊಟ, ಊರಿಗೆ ಕಳುಹಿಸುವ ಹಣ, ಆಪತ್ತಿಗೆಂದು ಎತ್ತಿಡುವ ಹಣ ಕಳೆಯಿರಿ. ಉಳಿದದ್ದರಲ್ಲಿ ಪೆಟ್ರೋಲ್, ವಿಮೆ, ಮುಲ್ಕಿಯಾ, ಟಯರ್, ಸರ್ವಿಸ್ ಬರೆಯಿರಿ. ಕೊನೆಯಲ್ಲಿ ಒಂದು ಪ್ರಶ್ನೆ ಹಾಕಿಕೊಳ್ಳಿ: ನಾಳೆಯೇ ಈ ಕಾರಿನ ಎಂಜಿನ್ ನಿಂತರೆ ಯಾರ ಮುಂದೆಯೂ ಕೈಚಾಚದೆ ಅದನ್ನು ಸರಿಪಡಿಸಬಲ್ಲೆನೇ? ಹೌದು ಎಂದಾದರೆ ಕೊಳ್ಳಬಹುದು. ಅಲ್ಲ ಎಂದಾದರೆ ಆ ಕಾರು ಎಷ್ಟೇ ಅಗ್ಗವಾಗಿದ್ದರೂ ನಿಮ್ಮ ಪಾಲಿಗೆ ದುಬಾರಿಯೇ. ಕೊಳ್ಳುವುದಾದರೂ ಆ ಎಂಜಿನನ್ನು ಬಲ್ಲ ಮೆಕ್ಯಾನಿಕ್‌ಗೆ ತೋರಿಸದೆ ಮುಂಗಡ ಕೊಡಬಾರದು. ರೋಟರಿ ಎಂಜಿನಿನ ಕಂಪ್ರೆಷನ್ ಅಳೆಯಲು ಪ್ರತ್ಯೇಕ ಉಪಕರಣ ಬೇಕು, ಸಾಮಾನ್ಯ ಗೇಜಿನಿಂದ ಅದರ ಆರೋಗ್ಯ ಸರಿಯಾಗಿ ತಿಳಿಯುವುದಿಲ್ಲ. ಪರೀಕ್ಷೆಗೆ ಮಾರುವವನು ಒಪ್ಪದಿದ್ದರೆ ಅದೇ ಉತ್ತರವೆಂದು ತಿಳಿದು ಹಿಂತಿರುಗಬೇಕು.

ಮೊದಲ ಕಾರಿನ ಕೆಲಸ ಚಾಲಕನನ್ನು ತಯಾರಿಸುವುದು. ಸಣ್ಣ ತಪ್ಪುಗಳನ್ನು ಅದು ಕ್ಷಮಿಸಬೇಕು, ಗೀರು ಬಿದ್ದರೆ ಎದೆ ಒಡೆಯಬಾರದು, ತಿಂಗಳ ಕೊನೆಯಲ್ಲಿ ಮನೆಗೆ ಹಣ ಕಳುಹಿಸಲು ಅದು ಅಡ್ಡಿಯಾಗಬಾರದು. ಹಳೆಯ ಕೊರೊಲ್ಲಾಕ್ಕೆ ರಸ್ತೆಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ ಎಂಬುದು ನಿಜ. ಆದರೆ ಅದು ಬೆಳಿಗ್ಗೆ ಸ್ಟಾರ್ಟ್ ಆಗುತ್ತದೆ. ಇಪ್ಪತ್ತೆರಡರ ಹುಡುಗನಿಗೆ ಇದು ಸಣ್ಣ ಗುಣವಾಗಿ ಕಾಣಬಹುದು. ಅವನ ಸಂಬಳವನ್ನು ಕಾಯುತ್ತಿರುವ ಮನೆಗೆ ಅದು ಸಣ್ಣದಲ್ಲ.